ಬೀಗ ಹಾಕಿದ ಮನೆಯ ಮೀನು

ಸೋಮವಾರ ಬೆಳಿಗ್ಗೆ ಹತ್ತರ ಸುಮಾರಿಗೆ ಠಾಣೆಗೆ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ. ಕೈಚೀಲವನ್ನು ಎದೆಗೆ ಒತ್ತಿಕೊಂಡು ನಿಂತೇ ಹೇಳಿದಳು.

"ನನ್ನ ತಮ್ಮ ಸಿಗ್ತಿಲ್ಲ. ಮೂರು ವಾರ ಆಯ್ತು."

ದಫೇದಾರ ಪೆನ್ನಿನ ಮುಚ್ಚಳ ತೆಗೆದ. ಠಾಣೆಯಲ್ಲೇ ತಲೆ ನರೆತ ಆಸಾಮಿ. ಎದುರಿನವರ ಮುಖ ನೋಡದೆ ದೂರು ಬರೆದುಕೊಳ್ಳುವುದು ಅವನ ಅಭ್ಯಾಸ.

"ಕೆಲಸ?"

"ಹಲ್ಲಿನ ಸೆಟ್ ಮಾಡ್ತಾನೆ. ಡಾಕ್ಟರುಗಳು ಅಳತೆ ಕಳಿಸ್ತಾರೆ, ಇವನು ಮಾಡಿ ಕೊಡ್ತಾನೆ. ಮದುವೆ ಆಗಿಲ್ಲ, ಒಬ್ಬನೇ ಇರೋದು."

"ಮೂರು ವಾರ ಸುಮ್ನಿದ್ದು ಈಗ ಬಂದ್ರಲ್ಲ?"

"ಬೇರೆ ಊರಲ್ಲಿ ದೊಡ್ಡ ಲ್ಯಾಬಲ್ಲಿ ಕೆಲಸ ಸಿಕ್ಕಿದೆ, ಹೋಗ್ತೀನಿ ಅಂದಿದ್ದ. ಹೇಳ್ದೆ ಹೋದ ಅಂತ ಮುನಿಸ್ಕೊಂಡು ನಾನೂ ಸುಮ್ನಿದ್ದೆ. ಫೋನ್ ಸ್ವಿಚ್ ಆಫ್ ಬರ್ತಿತ್ತು. ನಿನ್ನೆ ಆ ಲ್ಯಾಬಿಗೇ ಫೋನ್ ಮಾಡ್ದೆ. ಅವನು ಅಲ್ಲಿಗೆ ಹೋಗೇ ಇಲ್ಲ."

"ಯಾರ ಜೊತೆಗಾದ್ರೂ ಜಗಳ?"

ಅವಳು ಬಾಗಿಲ ಕಡೆ ನೋಡಿದಳು. ಹೊರಗಿನ ಬೆಂಚಿನ ಮೇಲೆ ಲಿಫ್ಟ್ ರಿಪೇರಿ ಕಂಪನಿಯ ಬೂದು ಅಂಗಿ ತೊಟ್ಟ ಗಂಡಸೊಬ್ಬ ಮಂಡಿಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದ.

"ನಮ್ಮನೆಯವರಿಗೂ ಅವನಿಗೂ ಮಾತಿಲ್ಲ. ಆದ್ರೆ ಅದು ಹಳೇದು, ನಾಲ್ಕು ವರ್ಷದ್ದು."

ಪಕ್ಕದ ಮೇಜಿನಿಂದ ಕೇಳಿಸಿಕೊಳ್ಳುತ್ತಿದ್ದ ಇನ್‌ಸ್ಪೆಕ್ಟರ್ ಆ ಗಂಡಸನ್ನು ಒಳಗೆ ಕರೆಸಿದರು. ನಲವತ್ತರ ಆಚೀಚೆ ವಯಸ್ಸು, ಮಾತು ಕಡಿಮೆ. ನೀರಿನ ಲೋಟ ತೆಗೆದುಕೊಳ್ಳುವಾಗ ಬಲಗೈಯ ಉಂಗುರದ ಬೆರಳು ಮೊದಲ ಗೆಣ್ಣಿಗೇ ಮುಗಿದಿರುವುದು ಅವರ ಕಣ್ಣಿಗೆ ಬಿತ್ತು.

"ಏನಾಗಿತ್ತು ಬೆರಳಿಗೆ?"

"ಲಿಫ್ಟಿನ ರೋಪಿಗೆ ಸಿಕ್ಕಿತ್ತು ಮೇಡಂ. ಹಳೇದು."

"ನಿಮ್ಮ ಭಾಮೈದನ ಮನೆಗೆ ಕೊನೇ ಸಲ ಹೋಗಿದ್ದು?"

"ನಾನು ಆ ಮನೆ ಮೆಟ್ಲು ಹತ್ತೇ ಇಲ್ಲ."

ದಫೇದಾರ ತಲೆ ಎತ್ತದೆ ಮುಂದಿನ ಪ್ರಶ್ನೆಗೆ ಹೋದ. "ಮಕ್ಕಳೆಷ್ಟು?"

"ಇಲ್ಲ," ಎಂದಳು ಹೆಂಡತಿ, ಪ್ರಶ್ನೆ ಮುಗಿಯುವ ಮೊದಲೇ. ಗಂಡ ಲೋಟವನ್ನು ಮೇಜಿನ ಮೇಲಿಟ್ಟು ನೆಲ ನೋಡುತ್ತ ಕೂತ.

ನಾಪತ್ತೆ ಪ್ರಕರಣ ದಾಖಲಾಯಿತು.

ಅದೇ ಮಧ್ಯಾಹ್ನ ಇನ್‌ಸ್ಪೆಕ್ಟರ್, ದಫೇದಾರ ಮತ್ತು ಲಂಬು ಎಂದು ಎಲ್ಲರೂ ಕರೆಯುವ ಉದ್ದನೆಯ ಕಾನ್‌ಸ್ಟೇಬಲ್ ಆ ಮನೆಗೆ ಹೋದರು. ಕಿರಿದಾದ ಬೀದಿಯ ಎರಡಂತಸ್ತಿನ ಕಟ್ಟಡ. ಕೆಳಗೆ ಮನೆಯ ಒಡತಿ, ಬೀದಿಯವರ ಬಾಯಲ್ಲಿ ಓನರಮ್ಮ. ಮೇಲೆ ಹಲ್ಲಿನ ಸೆಟ್ ಮಾಡುವವನ ಕೆಲಸದ ಕೋಣೆ, ಅದರ ಹಿಂದೆ ಮಲಗುವ ಕೋಣೆ. ಮುಂಬಾಗಿಲಿಗೆ ಹೊರಗಿನಿಂದ ಬೀಗ. ಹಿಂಬಾಗಿಲಿನಿಂದ ಕಬ್ಬಿಣದ ಮೆಟ್ಟಿಲು ಹಿತ್ತಲಿಗೆ ಇಳಿಯುತ್ತಿತ್ತು. ಅದೂ ಭದ್ರವಾಗಿತ್ತು. ಎದುರಿನ ಟೈಲರ್ ಮತ್ತು ಮೂಲೆಯ ಕ್ಷೌರದಂಗಡಿಯವನನ್ನು ಪಂಚರಾಗಿ ಕರೆದು, ಬೀಗ ರಿಪೇರಿಯವನಿಂದ ಮುಂಬಾಗಿಲು ತೆಗೆಸಿದರು.

ಬಾಗಿಲಿಗೆ ತಲೆ ತಾಗದಂತೆ ಬಗ್ಗಿ ಒಳಹೋದ ಲಂಬು ಅಲ್ಲೇ ನಿಂತುಬಿಟ್ಟ.

ಕೋಣೆಯ ಮೂರು ಗೋಡೆಗಳಿಗೂ ನೆಲದಿಂದ ಸೂರಿನವರೆಗೆ ಹಲಗೆ ಹೊಡೆದಿತ್ತು. ಹಲಗೆಗಳ ಮೇಲೆ ಸಾಲುಸಾಲಾಗಿ ಪ್ಲಾಸ್ಟರಿನ ದವಡೆಗಳು. ಕೆಲವು ಗುಲಾಬಿ, ಕೆಲವು ಬಿಳಿ. ಹಲ್ಲಿದ್ದವು, ಹಲ್ಲಿಲ್ಲದವು, ತಂತಿಯ ಕೀಲಿಗೆ ಸಿಕ್ಕಿಸಿ ಅರ್ಧ ತೆರೆದಿಟ್ಟವು. ಎಲ್ಲದರ ಮೇಲೂ ತೆಳುವಾದ ಧೂಳು.

"ಇಷ್ಟೊಂದು ಬಾಯಿ ಇದ್ರೂ ಒಂದೂ ಸಾಕ್ಷಿ ಹೇಳಲ್ಲವಲ್ಲ," ಎಂದ ದಫೇದಾರ. ಒಳಕೋಣೆಯಿಂದ ಸಣ್ಣಗೆ ಗುಂಯ್ ಎನ್ನುವ ಸದ್ದು ಬರುತ್ತಿತ್ತು.

ಇನ್‌ಸ್ಪೆಕ್ಟರ್ ಒಳಬಾಗಿಲು ತಳ್ಳಿದರು. ಕಿಟಕಿಗೆ ದಪ್ಪ ಪರದೆ ಎಳೆದಿತ್ತು. ನಡುಮಧ್ಯಾಹ್ನದಲ್ಲೂ ಕೋಣೆಯ ಗೋಡೆ, ಹಾಸಿಗೆ, ಒಳಬಂದವರ ಮುಖ ಎಲ್ಲವೂ ನೀಲಿ. ಎದುರಿಗೆ ಕಬ್ಬಿಣದ ಸ್ಟ್ಯಾಂಡಿನ ಮೇಲೆ ನಾಲ್ಕಡಿ ಉದ್ದದ ಗಾಜಿನ ತೊಟ್ಟಿ. ಒಳಗೆ ತೂತುತೂತಾದ ಬಂಡೆ, ಬಂಡೆಯ ಮೇಲೆ ಬೆರಳುಗಳಂತೆ ತೂಗಾಡುವ ಹವಳದ ಜೀವಗಳು. ನೀರು ಅಂಚಿನವರೆಗೂ ತುಂಬಿತ್ತು. ಗಾಜಿನ ಮೇಲೆ ಒಂದು ಕಲೆಯಿಲ್ಲ.

"ಮೇಡಂ, ಒಂದು ಸತ್ತಿದೆ," ಎಂದ ಲಂಬು.

ಬಂಡೆಯ ಚಾಚಿದ ಅಂಚಿನ ಕೆಳಗೆ ಒಂದು ಮೀನು ಹೊಟ್ಟೆ ಮೇಲೆ ಮಾಡಿಕೊಂಡು ನಿಂತಿತ್ತು. ಕಿರುಬೆರಳಿಗಿಂತ ಚೂರು ಉದ್ದ. ತಲೆಯಿಂದ ನಡುವಿನವರೆಗೆ ಗಾಢ ನೇರಳೆ, ನಡುವಿನಿಂದ ಬಾಲದವರೆಗೆ ಅಪ್ಪಟ ಹಳದಿ, ಎರಡು ಬೇರೆ ಮೀನುಗಳನ್ನು ಕತ್ತರಿಸಿ ಜೋಡಿಸಿದ ಹಾಗೆ. ಲಂಬು ಗಾಜಿನ ಹತ್ತಿರ ಮುಖ ತಂದ. ಮೀನಿನ ಕಣ್ಣು ಅವನತ್ತ ಹೊರಳಿತು. ತಲೆಕೆಳಗಾಗಿಯೇ ಅದು ಒಂದಿಷ್ಟು ಮುಂದೆ ಬಂದು, ದೇಹಕ್ಕೆ ಮೀರಿದಷ್ಟು ಅಗಲವಾಗಿ ಬಾಯಿ ತೆರೆದು ತೋರಿಸಿ, ಬಂಡೆಯ ಸಂದಿಗೆ ನುಗ್ಗಿ ಮಾಯವಾಯಿತು.

ಲಂಬು ಎರಡು ಹೆಜ್ಜೆ ಹಿಂದೆ ಸರಿದ. "ನಂಗೆ ಬೈತಾ ಇದೆ ಮೇಡಂ ಅದು."

ಇನ್‌ಸ್ಪೆಕ್ಟರ್ ನೆಲ ನೋಡುತ್ತಿದ್ದರು. ಹಾಸಿಗೆ, ಮೇಜು, ಮೂಲೆಯ ಸೂಟ್‌ಕೇಸು ಎಲ್ಲದರ ಮೇಲೂ ಧೂಳಿತ್ತು. ಹಿಂಬಾಗಿಲಿನಿಂದ ತೊಟ್ಟಿಯವರೆಗೆ ಮಾತ್ರ ನೆಲ ಸವೆದು ಸ್ವಚ್ಛವಾಗಿತ್ತು. ಸ್ಟ್ಯಾಂಡಿನ ಕಂಬಿಯ ಮೇಲೆ ಹಾಕಿದ್ದ ಟವೆಲ್ ಮುಟ್ಟಿದರು. ಒದ್ದೆ. ತೊಟ್ಟಿಯ ಮುಂದೆ ಒಂದು ಮರದ ಕುರ್ಚಿ. ಅದಕ್ಕೆ ತಾಗಿದಂತೆ ಪುಟ್ಟ ಮಕ್ಕಳು ಕೂರುವ ಕೆಂಪು ಪ್ಲಾಸ್ಟಿಕ್ ಕುರ್ಚಿ. ಎರಡೂ ಮೀನಿನ ಕಡೆಗೆ ಮುಖ ಮಾಡಿದ್ದವು.

"ಸೂಟ್‌ಕೇಸು ಇಲ್ಲೇ ಇದೆ ಅಂದ್ಮೇಲೆ ಆಸಾಮಿ ಊರು ಬಿಟ್ಟಿಲ್ಲ," ಎಂದರು ಇನ್‌ಸ್ಪೆಕ್ಟರ್. "ಆದ್ರೆ ಈ ಮನೆಗೆ ಯಾರೋ ದಿನಾ ಬಂದು ಹೋಗ್ತಿದ್ದಾರೆ. ಹಿಂಬಾಗಿಲ ಕೀ ಹುಡುಕಿ."

ಇಡೀ ಮನೆ ಜಾಲಾಡಿದರೂ ಕೀ ಸಿಗಲಿಲ್ಲ. ದಫೇದಾರ ಪಂಚನಾಮೆ ಬರೆದ. ಕೆಂಪು ಕುರ್ಚಿಯ ಹತ್ತಿರ ಬಂದಾಗ ಪೆನ್ನು ನಿಲ್ಲಿಸಿ, "ಇದು ಯಾರದ್ದು ಅಂತ ಬರೀಲಿ?" ಎಂದು ಕೇಳಿದ.

ಕೆಳಗೆ ಓನರಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತಿದ್ದರು.

"ಮೇಲೆ ಯಾರಾದ್ರೂ ಓಡಾಡಿದ್ದು ಗೊತ್ತಾಯ್ತಾ ನಿಮಗೆ?"

"ಓಡಾಡಿದ್ದು ಗೊತ್ತಿಲ್ಲ. ಮಾತಾಡೋದು ಕೇಳಿಸೋದು."

"ಯಾರದು ಧ್ವನಿ?"

"ಗಂಡಸಿಂದು. ಮಧ್ಯಾಹ್ನದ ಹೊತ್ತು. ಮಗು ಹತ್ರ ಮಾತಾಡೋ ಥರ. 'ಊಟ ಆಯ್ತಾ ಪುಟ್ಟಿ, ಇವತ್ತೇನು ಮಾಡಿದೆ' ಅನ್ನೋದು. ಆಮೇಲೆ ಸುಮ್ಮನಾಗೋದು. ಉತ್ತರ ಕೇಳಿಸ್ಕೊಳ್ತಾರಲ್ಲ, ಅಷ್ಟು ಹೊತ್ತು. ಆಮೇಲೆ ನಗೋದು."

"ಮಗುವಿನ ಧ್ವನಿ?"

"ಅದು ಯಾವತ್ತೂ ಕೇಳಿಸ್ಲಿಲ್ಲಮ್ಮ."

"ಹೋಗಿ ನೋಡ್ಲಿಲ್ವಾ?"

"ಮುಂದುಗಡೆ ನೋಡಿದ್ರೆ ಬೀಗ. ಯಜಮಾನರು ಹೋದ್ಮೇಲೆ ನಿಂಗೆ ಇಲ್ಲದ್ದೆಲ್ಲ ಕೇಳಿಸುತ್ತೆ ಅಂತ ಮಗಳು ಬೈತಾಳೆ. ಇದನ್ನೂ ಹೇಳಿದ್ರೆ ನನ್ನನ್ನ ಕರ್ಕೊಂಡು ಹೋಗಿ ಡಾಕ್ಟರ ಮುಂದೆ ಕೂರಿಸ್ತಾಳೆ. ಅದಕ್ಕೇ ಬಾಯಿ ಮುಚ್ಕೊಂಡಿದ್ದೆ. ಅವನು ಕಾಣೆಯಾದ ವಾರ ನಾನು ಊರಲ್ಲೂ ಇರ್ಲಿಲ್ಲ, ಮಗಳ ಮನೇಲಿದ್ದೆ."

ಇನ್‌ಸ್ಪೆಕ್ಟರ್ ಮುಂಬಾಗಿಲಿಗೆ ಮತ್ತೆ ಬೀಗ ಹಾಕಿಸಿದರು. ಟೈಲರ್ ಅಂಗಡಿಯಲ್ಲಿ ಒಬ್ಬನನ್ನೂ ಹಿಂದಿನ ಗಲ್ಲಿಯಲ್ಲಿ ಒಬ್ಬನನ್ನೂ ಮಫ್ತಿಯಲ್ಲಿ ಕೂರಿಸಿ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯಲು ಹೇಳಿದರು. ಎರಡು ದಿನ ಯಾರೂ ಬರಲಿಲ್ಲ.

ಆ ಎರಡು ದಿನಗಳಲ್ಲಿ ಅವರು ಮೀನಿನಂಗಡಿಯನ್ನು ಹುಡುಕಿದರು. ಪೇಟೆಯಲ್ಲಿ ತೊಟ್ಟಿಯಲ್ಲಿ ಸಾಕುವ ಸಮುದ್ರದ ಮೀನು ಮಾರುವುದು ಒಂದೇ ಅಂಗಡಿ, ನಡೆಸುತ್ತಿದ್ದವರು ಅಕ್ಕತಂಗಿಯರಿಬ್ಬರು. ಗಲ್ಲಾದಲ್ಲಿದ್ದ ಅಕ್ಕ ಮೊಬೈಲಿನಲ್ಲಿ ಇನ್‌ಸ್ಪೆಕ್ಟರ್ ತೋರಿಸಿದ ಫೋಟೋ ನೋಡಿದ ಕೂಡಲೇ ಗುರುತು ಹಿಡಿದಳು.

"ರಾಯಲ್ ಗ್ರಾಮಾ ಅಂತಾರೆ. ಹವಳದ ದಿಬ್ಬದಲ್ಲಿರೋ ಮೀನು. ಬಂಡೆ ಯಾವ ಕಡೆ ಇದ್ಯೋ ಆ ಕಡೆಗೆ ಹೊಟ್ಟೆ ಮಾಡ್ಕೊಂಡು ಈಜುತ್ತೆ. ಗವಿಯೊಳಗೆ ಇದ್ರೆ ತಲೆಕೆಳಗು. ಹೊಸಬರು ನೋಡಿದ್ರೆ ಸತ್ತೋಯ್ತು ಅಂತ ಫೋನ್ ಮಾಡ್ತಾರೆ."

ಲಂಬು ಮುಖ ಬೇರೆ ಕಡೆ ತಿರುಗಿಸಿದ.

"ಮೂರು ವಾರ ಯಾರೂ ನೋಡ್ದೆ ಇದ್ರೆ ಬದುಕುತ್ತಾ?"

"ಸಾಧ್ಯ ಇಲ್ಲ ಮೇಡಂ. ನೀರು ಆವಿ ಆಗುತ್ತೆ, ಉಪ್ಪು ಹಾಗೇ ಉಳಿಯುತ್ತೆ. ಎರಡು ದಿನಕ್ಕೊಂದ್ಸಲ ಆದ್ರೂ ಸಿಹಿನೀರು ಸೇರಿಸ್ಬೇಕು. ಇಲ್ಲಾಂದ್ರೆ ನೀರು ಉಪ್ಪೇರಿ ಎಲ್ಲಾ ಸಾಯುತ್ತೆ."

"ಈ ತೊಟ್ಟಿಯವರು ಗೊತ್ತಾ?"

"ಗೊತ್ತು. ಹಲ್ಲಿನ ಸೆಟ್ ಮಾಡ್ತಾರಲ್ಲ. ಸಂಬಂಧಿಕರ ಮನೆಯಿಂದ ಬಂದ ತೊಟ್ಟಿ ಅದು, ಅವರಿಗೇನು ಅಂಥ ಹುಚ್ಚಿರಲಿಲ್ಲ. ಊರು ಬಿಡ್ತಿದ್ದೀನಿ, ಎಲ್ಲಾ ಎತ್ಕೊಂಡು ಹೋಗಿ ಅಂದ್ರು. ಶನಿವಾರ ಅಂತ ಮಾತಾಗಿತ್ತು. ಗಾಡಿ ತಗೊಂಡು ಹೋದ್ರೆ ಬೀಗ ಹಾಕಿತ್ತು. ಕೈಕೊಟ್ಟ ಅಂದ್ಕೊಂಡು ವಾಪಸ್ ಬಂದ್ವಿ."

ಆ ಶನಿವಾರಕ್ಕೆ ಮೂರು ವಾರ ಕಳೆದಿತ್ತು. ಅದರ ಹಿಂದಿನ ದಿನವೇ ಅವನ ಫೋನ್ ಸತ್ತಿತ್ತು.

"ಇನ್ನೊಂದು ವಿಷಯ," ಎಂದಳು ಅಂಗಡಿಯವಳು. "ಆ ಮೀನಿಗೆ ವಯಸ್ಸಾಗಿದೆ. ಐದಾರು ವರ್ಷದ ಮೇಲೆ ಬಾಳೋದು ಕಷ್ಟ. ಯಾರಾದ್ರೂ ತುಂಬಾ ಮುತುವರ್ಜಿಯಿಂದ ನೋಡ್ಕೊಂಡಿದ್ದಾರೆ."

ಬುಧವಾರ ಮಧ್ಯಾಹ್ನ ಠಾಣೆಯ ದೂರವಾಣಿ ರಿಂಗಾಯಿತು. ಎತ್ತಿಕೊಂಡವನು ಲಂಬು.

"ಆ ತೊಟ್ಟಿಗೆ ಯಾರಾದ್ರೂ ನೀರು ಹಾಕಿದ್ರಾ?" ಎಂದಿತು ಒಂದು ಧ್ವನಿ. ಬಟ್ಟೆ ಅಡ್ಡ ಹಿಡಿದು ಮಾತಾಡಿದಂತೆ ಮಂಕಾಗಿತ್ತು.

"ಯಾವ ತೊಟ್ಟಿ? ಯಾರು ಮಾತಾಡ್ತಿರೋದು?"

"ಇಷ್ಟು ಹೊತ್ತಿಗೆ ಒಂದು ಬೆರಳಿನಷ್ಟು ಇಳಿದಿರುತ್ತೆ. ಉಪ್ಪು ನೀರು ಹಾಕ್ಬೇಡಿ. ಸ್ಟ್ಯಾಂಡಿನ ಕೆಳಗೆ ಬಕೆಟ್ಟಲ್ಲಿ ಸಿಹಿನೀರಿದೆ. ಊಟ ಚಿಟಿಕೆಯಷ್ಟೇ ಹಾಕಿ. ಪರದೆ ತೆಗೀಬೇಡಿ, ಅದಕ್ಕೆ ಹೆದರಿಕೆ. ದಯವಿಟ್ಟು."

ಕರೆ ಕಡಿದುಹೋಯಿತು. ಲಂಬು ರಿಸೀವರ್ ಇಟ್ಟು ಇನ್‌ಸ್ಪೆಕ್ಟರ್ ಕಡೆ ತಿರುಗಿದ. "ಮೇಡಂ, ಬೆದರಿಕೆ ಹಾಕೋ ಫೋನು ಬೇಕಾದಷ್ಟು ಎತ್ತಿದ್ದೀನಿ. ಇದು ಮಗೂನ ಬೇರೆಯವರ ಮನೇಲಿ ಬಿಟ್ಟೋರು ಮಾತಾಡಿದ ಹಾಗಿತ್ತು."

ಇನ್‌ಸ್ಪೆಕ್ಟರ್ ನಂಬರಿನ ಜಾಡು ಹಿಡಿಯಲು ಹೇಳಿ, ಲಂಬುವನ್ನು ಮನೆಗೆ ಕಳಿಸಿದರು. ನೀರು ಸರಿಯಾಗಿ ಒಂದು ಬೆರಳು ಇಳಿದಿತ್ತು. ಫೋನಿನ ಧ್ವನಿ ಹೇಳಿದಂತೆಯೇ ಲಂಬು ಸಿಹಿನೀರು ಹಾಕಿ, ಚಿಟಿಕೆ ಊಟ ಉದುರಿಸಿ ಬಂದ. ಮೀನು ಹೊರಗೆ ಬರಲೇ ಇಲ್ಲ.

ಮನೆಯಲ್ಲಿ ಪೊಲೀಸರು ಕಾದಿದ್ದಾರೆಂದು ಆ ಧ್ವನಿಗೆ ತಿಳಿದಿತ್ತು. ಅದನ್ನು ತಿಳಿದವರು ತೀರ ಕಡಿಮೆ. ಗುರುವಾರ ಬೆಳಿಗ್ಗೆ, ಏನಾದರೂ ಸಾಮಾನು ಕಳುವಾಗಿದೆಯೇ ನೋಡಿ ಹೇಳಬೇಕೆಂದು ಇನ್‌ಸ್ಪೆಕ್ಟರ್ ದೂರು ಕೊಟ್ಟ ಅಕ್ಕನನ್ನು ಆ ಮನೆಗೆ ಕರೆಸಿದರು. ಗಂಡನೂ ಬರಲಿ ಎಂದರು.

ಅಕ್ಕ ಪ್ಲಾಸ್ಟರಿನ ದವಡೆಗಳ ನಡುವೆ ಹಾದು ಒಳಕೋಣೆಗೆ ಬಂದಳು. ಗಂಡ ಹೊಸ್ತಿಲಾಚೆಯೇ ನಿಂತ. ತೊಟ್ಟಿಯ ಬಳಿ ಲಂಬು ನಿಂತಿದ್ದ, ಮೀನಿನ ಸುಳಿವಿರಲಿಲ್ಲ. ಅಕ್ಕ ಹಾಸಿಗೆ ನೋಡಿದಳು, ಬೀರು ತೆರೆದು ನೋಡಿದಳು. ತಿರುಗಿದವಳ ಕಣ್ಣು ಕೆಂಪು ಕುರ್ಚಿಯ ಮೇಲೆ ಬಿತ್ತು.

"ಇದು ಇಲ್ಲಿಗೆ ಹೇಗೆ ಬಂತು?"

"ಗುರುತಿದೆಯಾ ನಿಮಗೆ?" ಎಂದು ಕೇಳಿದರು ಇನ್‌ಸ್ಪೆಕ್ಟರ್.

"ಇದನ್ನ ನಾನು ಗುಜರಿಗೆ ಹಾಕಿದ್ದೆ." ಅವಳ ಧ್ವನಿ ತೆಳುವಾಯಿತು. "ನನ್ನ ಕೈಯಾರೆ ಗುಜರಿ ಗಾಡಿಗೆ ಎತ್ತಿ ಹಾಕಿದ್ದೆ. ನಾಲ್ಕು ವರ್ಷದ ಹಿಂದೆ."

"ಯಾರ ಕುರ್ಚಿ?"

ಅವಳು ಕುರ್ಚಿಯ ಬೆನ್ನು ಮುಟ್ಟಿದಳು. "ನಮ್ಮ ಮಗಳದ್ದು. ತೊಟ್ಟೀನೂ ಅವಳದ್ದೇ. ಮೀನಿಗೆ ಅರ್ಧಂಬರ್ಧ ಅಂತ ಹೆಸರಿಟ್ಟಿದ್ಳು. ಏಳು ವರ್ಷ ಅವಳಿಗೆ. ಜ್ವರ ಬಂತು, ಆಸ್ಪತ್ರೆಗೆ ಸೇರಿಸಿದ್ವಿ, ಹೋದ್ಳು. ಈ ತೊಟ್ಟಿ ಮನೇಲಿದ್ರೆ ನಾನು ಸಾಯ್ತೀನಿ ಅಂದೆ. ತಮ್ಮ ತಗೊಂಡು ಹೋದ."

"ಮಕ್ಕಳಿಲ್ಲ ಅಂದ್ರಿ ಠಾಣೇಲಿ."

"ಇಲ್ವಲ್ಲ," ಎಂದಳು ಅವಳು.

ಇನ್‌ಸ್ಪೆಕ್ಟರ್ ಬಾಗಿಲ ಕಡೆ ತಿರುಗಿದರು. "ಸ್ವಲ್ಪ ಒಳಗೆ ಬಂದು ಆ ಕಿಟಕಿ ತೆಗೀತೀರಾ? ಉಸಿರು ಕಟ್ತಿದೆ."

ಗಂಡ ಒಳಗೆ ಬಂದ. ಕಿಟಕಿ ತೊಟ್ಟಿಯ ಆಚೆ ತುದಿಯಲ್ಲಿತ್ತು. ಅವನು ಗೋಡೆಯ ಕಡೆಗೆ ಮುಖ ಮಾಡಿಕೊಂಡು, ಗಾಜಿನತ್ತ ಒಮ್ಮೆಯೂ ನೋಡದೆ ನಡೆದ.

ಬಂಡೆಯ ಸಂದಿಯಿಂದ ನೇರಳೆ ತಲೆ ಹೊರಗೆ ಬಂತು. ಆಮೇಲೆ ಹಳದಿ ಬಾಲ. ಮೀನು ಬಯಲಿಗೆ ಬಂದು, ನೆಟ್ಟಗಾಗಿ, ಗಾಜಿಗೆ ಮೂತಿ ತಾಗಿಸಿಕೊಂಡು ನಿಂತಿತು. ಅವನು ಒಂದು ಹೆಜ್ಜೆ ಇಟ್ಟರೆ ಅದೂ ಅಷ್ಟೇ ಸರಿಯಿತು. ಅವನು ನಿಂತರೆ ಅದೂ ನಿಂತು, ಇಡೀ ಮೈ ನಡುಗಿಸುತ್ತ ನೀರಿನ ಮೇಲಂಚಿಗೆ ಏರಿತು. ಹವಳದ ಜೀವಗಳನ್ನು ಹಾದು, ಪಂಪಿನ ನೀರಿನ ಸೆಳೆತವನ್ನು ಹಾದು, ತೊಟ್ಟಿಯ ಉದ್ದಕ್ಕೂ ಅವನ ಹಿಂದೆಯೇ ಹೋಯಿತು. ಲಂಬು ಗೋಡೆಗೆ ಬೆನ್ನು ಹಚ್ಚಿಕೊಂಡ.

ಮಾತಾಡಿದವಳು ಹೆಂಡತಿ.

"ಅದು ಯಾಕ್ರೀ ನಿಮ್ಮ ಹಿಂದೆ ಬರ್ತಿದೆ?"

ಅವನು ಪರದೆ ಹಿಡಿದುಕೊಂಡಿದ್ದ. ಎಳೆಯಲಿಲ್ಲ. "ಬೆಳಕು ನೋಡಿ ಇರ್ಬೇಕು."

"ನನ್ನ ನೋಡಿ ಬರ್ಲಿಲ್ಲ," ಎಂದಳು ಅವಳು.

ಮೀನಿನ ನಡೆ ಕೋರ್ಟಿನಲ್ಲಿ ನಿಲ್ಲುವ ಸಾಕ್ಷಿಯಲ್ಲ ಎಂಬುದು ಇನ್‌ಸ್ಪೆಕ್ಟರಿಗೆ ಗೊತ್ತಿತ್ತು. ಅವರು ಅವನನ್ನು ಏನೂ ಕೇಳಲಿಲ್ಲ. ಸಹಿ ಹಾಕಿಸಿಕೊಂಡು ಇಬ್ಬರನ್ನೂ ಮನೆಗೆ ಕಳಿಸಿ, ಅವನ ಮೇಲೆ ಕಣ್ಣಿಡಲು ದಫೇದಾರನನ್ನು ಹಿಂದೆಯೇ ಕಳಿಸಿದರು.

"ಅವನು ಹಿಂಬಾಗಿಲಿಂದ ಓಡಾಡಿದ್ದಾನೆ," ಎಂದರು ಲಂಬುವಿಗೆ. "ನೀನು ಹಿತ್ತಲು ನೋಡು."

ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲು, ಮುರಿದ ಸೈಕಲ್ಲು, ಕಬ್ಬಿಣದ ಮೆಟ್ಟಿಲಿನ ಬುಡದಲ್ಲಿ ನೆಲಮಟ್ಟದ ಹಳೆಯ ನೀರಿನ ಸಂಪು. ಅದರ ಮೇಲೆ ಒಣಗಿದ ತೆಂಗಿನ ನಾರಿನ ಚಾಪೆ ಹಾಸಿತ್ತು. ಲಂಬು ಚಾಪೆ ಸರಿಸಿ ಕುಕ್ಕರಗಾಲಲ್ಲಿ ಕೂತ.

"ಮೇಡಂ, ಒಂದ್ನಿಮಿಷ ಇಲ್ಲಿ ಬನ್ನಿ. ಮುಚ್ಚಳದ ಸುತ್ತ ಸಿಮೆಂಟ್ ಹಾಕಿದ್ದಾರೆ. ಆದ್ರೆ ಗುಲಾಬಿ ಬಣ್ಣ."

ಇನ್‌ಸ್ಪೆಕ್ಟರ್ ನೋಡಿದರು. ಅದು ಸಿಮೆಂಟಲ್ಲ. ಮೇಲಿನ ಹಲಗೆಗಳ ಮೇಲಿದ್ದ ದವಡೆಗಳದ್ದೇ ಬಣ್ಣ.

"ಆ ಸಂಪು ಉಪಯೋಗಿಸಿ ಎಷ್ಟೋ ವರ್ಷ ಆಯ್ತು," ಎಂದರು ಓನರಮ್ಮ. "ಈಚೆಗೆ ಏನೋ ವಾಸನೆ ಬರ್ತಿತ್ತು. ಮೇಲಿನ ಮೀನಿನ ನೀರು ಚೆಲ್ಲಿರ್ಬೇಕು ಅಂದ್ಕೊಂಡೆ."

ಹಲ್ಲಿನ ಪ್ಲಾಸ್ಟರು ಬಾಯೊಳಗಿನ ಸಣ್ಣ ಗೀರನ್ನೂ ಬಿಡದೆ ಹಿಡಿದಿಡಲೆಂದೇ ತಯಾರಾದದ್ದು. ಬೇಗ ಗಟ್ಟಿಯಾಗುತ್ತದೆ. ಹಾಕಿದವನಿಗೆ ಕರಣೆ ಸಿಕ್ಕಿರಲಿಲ್ಲ, ಅಂಗೈಯಿಂದಲೇ ಅದುಮಿದ್ದ. ಮುಚ್ಚಳದ ಎಡಅಂಚಿನಲ್ಲಿ ಒಂದು ಬಲಗೈ ಸ್ಪಷ್ಟವಾಗಿ ಮೂಡಿತ್ತು. ತೋರುಬೆರಳು, ನಡುಬೆರಳು, ಕಿರುಬೆರಳು, ಅವುಗಳ ತುದಿಯ ಗೆರೆಗಳು ಸಮೇತ. ಉಂಗುರದ ಬೆರಳಿನ ಗುರುತು ಮಾತ್ರ ಅರ್ಧಕ್ಕೇ ನಿಂತುಹೋಗಿತ್ತು.

ಇನ್‌ಸ್ಪೆಕ್ಟರ್ ಬೆರಳಚ್ಚು ವಿಭಾಗದವರನ್ನೂ ವೈದ್ಯರನ್ನೂ ಕರೆಸಿದರು. ಹಳೆಯ ಪಂಚರು ಮತ್ತೆ ಬಂದರು. ಪ್ಲಾಸ್ಟರಿನ ಅಚ್ಚನ್ನು ಒಡೆಯದಂತೆ ಕತ್ತರಿಸಿ ತೆಗೆದು, ಬಟ್ಟೆಯಲ್ಲಿ ಸುತ್ತಿ ಮೊಹರು ಹಾಕಿದರು. ಆಮೇಲೆ ಮುಚ್ಚಳ ಎತ್ತಿದರು. ಟೈಲರ್ ಗೋಡೆಯ ಕಡೆಗೆ ತಿರುಗಿ ಕೂತ. ಒಳಗಿದ್ದ ದೇಹವನ್ನು ಮಲಗುವ ಕೋಣೆಯ ಹೊದಿಕೆಯಲ್ಲಿ ಸುತ್ತಿ, ತಲೆಯ ಕೆಳಗೆ ದಿಂಬು ಇಟ್ಟಿತ್ತು. ತಲೆಯ ಹಿಂಭಾಗದಲ್ಲಿ ಆಳವಾದ ಗಾಯವಿತ್ತು. ನಾಪತ್ತೆ ಪ್ರಕರಣ ಕೊಲೆ ಮತ್ತು ಸಾಕ್ಷ್ಯನಾಶದ ಎಫ್ಐಆರ್ ಆಯಿತು.

ಸಂಜೆಯ ಹೊತ್ತಿಗೆ ದೂರವಾಣಿಯ ಜಾಡೂ ಸಿಕ್ಕಿತು. ಬುಧವಾರದ ಕರೆ ಒಂದು ಆಫೀಸು ಕಟ್ಟಡದ ಸ್ವಾಗತ ಮೇಜಿನಿಂದ ಬಂದದ್ದು. ಅಲ್ಲಿ ಕೂರುವ ಹುಡುಗಿಗೆ ಕರೆ ಮಾಡಿದವನ ಹೆಸರು ಗೊತ್ತಿರಲಿಲ್ಲ. "ಲಿಫ್ಟ್ ಕೆಟ್ಟಿತ್ತಲ್ಲ, ರಿಪೇರಿಗೆ ಬಂದಿದ್ರು. ಮೊಬೈಲ್ ಚಾರ್ಜ್ ಇಲ್ಲ, ಒಂದು ಫೋನ್ ಮಾಡ್ಕೊಳ್ತೀನಿ ಅಂದ್ರು," ಎಂದಳು.

ಶುಕ್ರವಾರ ಮಧ್ಯಾಹ್ನ ಅವನು ಒಂದು ಎತ್ತರದ ಕಟ್ಟಡದ ತಾರಸಿಯಲ್ಲಿದ್ದ, ಲಿಫ್ಟಿನ ಯಂತ್ರದ ಕೋಣೆಯಲ್ಲಿ. ಇನ್‌ಸ್ಪೆಕ್ಟರ್ ಬಾಗಿಲು ತಳ್ಳಿದಾಗ ಊಟದ ಡಬ್ಬಿ ಪಕ್ಕಕ್ಕಿಟ್ಟುಕೊಂಡು ಕೂತಿದ್ದ. ಡಬ್ಬಿ ತೆರೆದಿರಲಿಲ್ಲ. ಅವನ ಕಾಲ ಬಳಿಯ ತೂತಿನಿಂದ ಉಕ್ಕಿನ ಹಗ್ಗಗಳು ಕತ್ತಲೆಯೊಳಗೆ ಇಳಿದಿದ್ದವು. ಎಲ್ಲೋ ಕೆಳಗೆ ಯಾರೋ ಗುಂಡಿ ಒತ್ತಿದರು, ಹಗ್ಗಗಳು ತಾವಾಗಿಯೇ ಚಲಿಸತೊಡಗಿದವು.

ಅವನು ಎದ್ದು ನಿಂತ. ಓಡಲು ನೋಡಲಿಲ್ಲ.

"ಅದಕ್ಕೆ ಯಾರು ಊಟ ಹಾಕ್ತಿದ್ದಾರೆ?"

"ನಾನೇ," ಎಂದ ಲಂಬು.

"ಹೊರಗೆ ಬರುತ್ತಾ?"

"ಇಲ್ಲ."

ಅವನು ತಲೆಯಾಡಿಸಿ ಕೈ ಮುಂದೆ ಚಾಚಿದ. ಬೂದು ಅಂಗಿಯ ಜೇಬಿನಲ್ಲಿ ಹಿಂಬಾಗಿಲಿನ ಕೀ ಸಿಕ್ಕಿತು.

ಠಾಣೆಯಲ್ಲಿ ಬಾಯಿ ಬಿಡಿಸಲು ಯಾರೂ ಕಷ್ಟಪಡಬೇಕಾಗಲಿಲ್ಲ.

"ಕೀ ಯಾರು ಕೊಟ್ಟಿದ್ದು?"

"ಅವನೇ. ನಮ್ಮಿಬ್ಬರಿಗೂ ಮಾತಿಲ್ಲ ಅಂತ ಇವಳು ತಿಳ್ಕೊಂಡಿದ್ಳು. ತೊಟ್ಟಿ ಎತ್ಕೊಂಡು ಹೋದ ದಿನ ನಿಜವಾಗ್ಲೂ ಜಗಳ ಆಗಿತ್ತು. ಆಮೇಲೆ ಒಂದಿನ ನಾಚ್ಕೆ ಬಿಟ್ಟು ಹೋದೆ, ಮೀನು ನೋಡ್ಬೇಕು ಅಂತ. ಅವನು ಏನೂ ಕೇಳ್ಲಿಲ್ಲ. 'ಭಾವ, ಹಿಂದಿನಿಂದ ಬನ್ನಿ, ಅಕ್ಕನಿಗೆ ಗೊತ್ತಾಗೋದು ಬೇಡ' ಅಂತ ಕೀ ಕೊಟ್ಟ. ಅವನು ಮುಂದೆ ಕೆಲಸ ಮಾಡ್ಕೊಂಡಿರ್ತಿದ್ದ. ನಾನು ಒಳಗೆ, ಗುಜರಿಯವನಿಂದ ಬಿಡಿಸ್ಕೊಂಡು ಬಂದಿದ್ದ ಮಗಳ ಕುರ್ಚಿ ಪಕ್ಕ ಕೂತಿದ್ದು ಹೋಗ್ತಿದ್ದೆ."

"ಏನು ಮಾಡ್ತಿದ್ರಿ ಅಲ್ಲಿ?"

"ಮಾತಾಡ್ತಿದ್ದೆ. ಮನೇಲಿ ಮಗಳ ಹೆಸರೆತ್ತೋ ಹಾಗಿರ್ಲಿಲ್ಲ. ಫೋಟೋ ಇಲ್ಲ, ಬಟ್ಟೆ ಇಲ್ಲ, ಒಂದು ಪೆನ್ಸಿಲ್ ಇಲ್ಲ. ಅವಳು ಇದ್ಳೋ ಇಲ್ವೋ ಅಂತ ನನಗೇ ಅನುಮಾನ ಬರೋದು. ಆ ಮೀನು ಅವಳನ್ನ ನೋಡಿತ್ತು. ಅವಳು ಆ ಕುರ್ಚೀಲಿ ಕೂತ್ರೆ ಮೂಲೆಗೆ ಬರ್ತಿತ್ತು. ಈಗ್ಲೂ ಅದೇ ಮೂಲೆಗೆ ಬರುತ್ತೆ."

"ಆ ದಿನ?"

"ಊರು ಬಿಡ್ತಿದ್ದೀನಿ ಅಂದ. 'ಭಾವ, ಸಾಕು ಇದು, ಅಕ್ಕನಿಗೆ ಹೇಳಿ ನಿಮ್ಮನೆಗೆ ತಗೊಂಡು ಹೋಗಿ, ಇಲ್ಲಾಂದ್ರೆ ನಾಳೆ ಅಂಗಡಿಯವರು ಬರ್ತಾರೆ' ಅಂದ. ತಪ್ಪೇನೂ ಹೇಳ್ಲಿಲ್ಲ ಅವನು. ಕೈಕಾಲು ಹಿಡ್ಕೊಂಡೆ. 'ಈಗ್ಲೇ ಆರಿಸಿಬಿಡ್ತೀನಿ ನೋಡಿ, ಆಗ ನಿಮಗೆ ಬುದ್ಧಿ ಬರುತ್ತೆ' ಅಂತ ಪಂಪಿನ ಸ್ವಿಚ್ಚಿಗೆ ಕೈ ಹಾಕಿದ. ನಾನು ತಳ್ಳಿದೆ. ಸ್ಟ್ಯಾಂಡಿನ ಮೂಲೆಗೆ ಬಿದ್ದ."

"ಆಸ್ಪತ್ರೆಗೆ ಯಾಕೆ ಫೋನ್ ಮಾಡ್ಲಿಲ್ಲ?"

"ಉಸಿರಿರ್ಲಿಲ್ಲ. ಎದ್ದೇಳ್ತಾನೆ ಅಂತ ಕೂತೆ. ಬಹಳ ಹೊತ್ತು ಕೂತೆ. ಅಷ್ಟರಲ್ಲಿ ಮೀನಿನ ಊಟದ ಹೊತ್ತಾಯ್ತು." ಅವನು ತನ್ನ ಕೈ ನೋಡಿಕೊಂಡ. "ಮೊದಲು ಅದಕ್ಕೆ ಊಟ ಹಾಕ್ದೆ ಮೇಡಂ. ಆಮೇಲೆ ಇವನನ್ನ ಎತ್ಕೊಂಡೆ."

ಬರೆದುಕೊಳ್ಳುತ್ತಿದ್ದ ದಫೇದಾರ ಅವತ್ತು ಮೊದಲ ಸಲ ತಲೆ ಎತ್ತಿ ಎದುರಿನವನ ಮುಖ ನೋಡಿದ.

ಬೆರಳಚ್ಚಿನ ವರದಿ ಶನಿವಾರ ಬಂತು. ಪ್ಲಾಸ್ಟರಿನ ಕೈ ಅವನದ್ದೇ. ಆರೋಪಿಯನ್ನು ನ್ಯಾಯಾಲಯಕ್ಕೆ ಒಪ್ಪಿಸಿ ಬರುವಷ್ಟರಲ್ಲಿ ಅವನ ಹೆಂಡತಿ ಠಾಣೆಯಲ್ಲಿ ಕಾಯುತ್ತಿದ್ದಳು. ಹಿಂದಿನ ಸಂಜೆ ಶವಾಗಾರದಲ್ಲಿ ತಮ್ಮನನ್ನು ಗುರುತಿಸಿದ್ದಳು. ಆಗಲೂ ಅತ್ತಿರಲಿಲ್ಲ.

ಹೇಳಿಕೆಯಲ್ಲಿರುವುದನ್ನು ಇನ್‌ಸ್ಪೆಕ್ಟರ್ ಓದಿ ಹೇಳಲಿಲ್ಲ. ಎದುರು ಕೂತು, ತಮ್ಮ ಮಾತಿನಲ್ಲೇ ತಿಳಿಸಿದರು. ಕೊಲ್ಲಬೇಕೆಂದು ಹೋದವನಲ್ಲ, ಆದರೆ ಮುಚ್ಚಿಟ್ಟ, ಮುಚ್ಚಿಟ್ಟು ದಿನಾ ಅದೇ ಮನೆಗೆ ಹೋದ. ಮಗಳನ್ನು ಕಂಡಿದ್ದ ಒಂದು ಜೀವ ಆ ಕೋಣೆಯಲ್ಲಿತ್ತು, ಅದನ್ನು ಬಿಟ್ಟುಕೊಡಲು ಅವನಿಂದಾಗಲಿಲ್ಲ. ಇಷ್ಟೇ ಇದರ ಹಿಂದಿರುವುದು ಎಂದರು.

ಅವಳು ಮೇಜಿನ ಮೇಲಿನ ಪೇಪರ್‌ವೇಟನ್ನೇ ನೋಡುತ್ತ ಕೇಳಿಸಿಕೊಂಡಳು.

"ಅವರು ಮರೆತುಬಿಟ್ಟಿದ್ದಾರೆ ಅಂದ್ಕೊಂಡಿದ್ದೆ," ಎಂದಳು ಕೊನೆಗೆ. "ಆರಾಮಾಗಿ ಊಟ ಮಾಡ್ತಿದ್ರು, ಕೆಲಸಕ್ಕೆ ಹೋಗ್ತಿದ್ರು. ನಾನು ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅಳ್ತಿದ್ದೆ, ಅವರಿಗೆ ಕೇಳಿಸ್ಬಾರ್ದು ಅಂತ." ಕಣ್ಣು ಮೇಲೆತ್ತಿದಳು. "ಒಂದು ಸಲ ನನ್ನನ್ನೂ ಕರೆದಿದ್ರೆ ನಾನೂ ಹೋಗ್ತಿದ್ನಲ್ಲ."

ಅವಳು ಎದ್ದು ಕೈಚೀಲ ತೆಗೆದುಕೊಂಡು ಬಾಗಿಲವರೆಗೆ ಹೋಗಿ, ಅಲ್ಲಿ ನಿಂತು, ತಮ್ಮನ ದೇಹ ಯಾವಾಗ ಕೊಡ್ತೀರಿ ಎಂದು ಕೇಳಿದಳು.